ತೂಕದ ಕಟ್ಟೆಯಲ್ಲಿ ರಾತ್ರಿಪಾಳಿ

ಮುತಾರೆಯ ಗಡಿ. ಹತ್ತಕ್ಕೆ ಕರೆಂಟು ಹೋಯಿತು,
ಎಂದಿನಂತೆ.
ಮೇಜಿನ ಮೇಲೆ ಒಂದು ಮೋಂಬತ್ತಿ, ಒಂದು ಮೊಹರು,
ಹರಾರೆಯಿಂದ ಬಂದ ಹೊಸ ಆಜ್ಞೆ, ನಾಲ್ಕು ಹಾಳೆ.
ಕಾಟಾ ಮಾತ್ರ ಹಳೇ ಬ್ಯಾಟರಿಯೊಂದರಲ್ಲಿ ಉಸಿರು ಹಿಡಿದಿದೆ.
ಹೊರಗೆ ಲಾರಿಗಳ ಸಾಲು
ಬೆಟ್ಟದ ತಿರುವಿನವರೆಗೂ.

ನನ್ನ ಹೆಸರು ಮುಚನೇತಾ.
ಶೋನಾದಲ್ಲಿ 'ನೀವೇ ದಣಿಯುತ್ತೀರಿ' ಎಂದರ್ಥ.
ಹೆತ್ತ ದಿನ ಓರಗಿತ್ತಿಯರ ಮೇಲಿನ ಸಿಟ್ಟಿಗೆ ಅಮ್ಮ ಇಟ್ಟದ್ದು.
ಈಗ ಲಾರಿಯವರು ಕಿಟಕಿಯಲ್ಲಿ ಬಗ್ಗಿ
ಹಾಗೆಂದು ಕೂಗುತ್ತಾರೆ, ಆಕಳಿಸುತ್ತ.

ಮೊದಲ ಲಾರಿ, ನಲವತ್ತೊಂದು ಟನ್.
ತಾಡಪಾಲು ಎತ್ತಿ ಟಾರ್ಚು ಬಿಟ್ಟೆ:
ಬೂದುಬಿಳುಪಿನ ಕಲ್ಲು, ಅಂಚಿನಲ್ಲಿ ಎಳೆಹಸಿರು,
ಒಡೆದ ಹಾಲಿನ ಹಾಗೆ.
'ಅಕ್ಕಾ,' ಎಂದ ಚಾಲಕ ಚಕನೆತ್ಸ,
'ಇದರಲ್ಲಿ ಬೇಕಾದದ್ದು ಸಾರಿಗೆ ಹಾಕುವ ಉಪ್ಪಿನಷ್ಟು.
ಮಿಕ್ಕಿದ್ದೆಲ್ಲ ಬರೀ ಬಂಡೆ.
ಬಂಡೆಗೂ ಬಾಡಿಗೆ ಕೊಟ್ಟು ಸಮುದ್ರ ದಾಟಿಸುತ್ತಾರೆ.
ಅಲ್ಲಿ ಯಾರದೋ ಕಾರು ಹೊಗೆಯಿಲ್ಲದೆ ಓಡುತ್ತದಂತೆ.
ನನ್ನ ಹೆಂಡತಿ ಈಗಲೂ ಸೌದೆ ಊದುತ್ತಾಳೆ.'

ಆಜ್ಞೆಯ ಮೊದಲ ಸಾಲು ಅವನಿಗೆ ಓದಿ ಹೇಳಿದೆ:
ಹಸಿ ಅದಿರು ಗಡಿ ದಾಟತಕ್ಕದ್ದಲ್ಲ.
ಇಲ್ಲೇ ಪುಡಿಯಾಗತಕ್ಕದ್ದು, ಇಲ್ಲೇ ಬೇಯತಕ್ಕದ್ದು,
ಇಲ್ಲೇ ಲವಣವಾಗತಕ್ಕದ್ದು.
ನಿಜ ಹೇಳಲೇ?
ಹದಿನೇಳು ವರ್ಷ ಈ ಕುರ್ಚಿಯಲ್ಲಿ ಕೂತು
ಬೆಟ್ಟಗಳು ಒಂದೊಂದಾಗಿ ಬೀರಾ ಬಂದರಿಗೆ ಇಳಿದುಹೋದದ್ದನ್ನು
ಕೆಜಿ ಲೆಕ್ಕದಲ್ಲಿ ಬರೆದವಳು ನಾನು.
ಇಂಥದೊಂದು ವಾಕ್ಯಕ್ಕೆ ಕಾದಿದ್ದೆ.
ಮೊಹರು ಹೊಡೆದಾಗ ಮೇಜು ಅಲುಗಿತು.

ಎರಡನೇ ಪುಟದಲ್ಲಿ ಕುಲುಮೆ ಕಟ್ಟುವ ಕಂಪನಿಗಳಿಗೆ
ಹತ್ತು ವರ್ಷ ತೆರಿಗೆ ಮಾಫಿ, ನದಿಯ ನೀರು ಪುಕ್ಕಟೆ.
ನೆಂಟರ ಮೇಲೆ ಪ್ರೀತಿ, ಅಕ್ಕಿಯ ಮೇಲೆ ಆಸೆ.
ಇರಲಿ, ಎಂದು ಮಗುಚಿದೆ.

ಮೂರನೇ ಪುಟಕ್ಕೆ ಫೋನು ಬಂತು.
ತಮ್ಮ ಗರಿಕಾಯಿ, ಬಿಕಿಟಾದ ಹೊಂಡಗಳಿಂದ.
ಅವನ ಹೆಸರಿಗೆ 'ಸುಖವಾಗಿರಿ' ಎಂದರ್ಥ; ಆಗ ಅಮ್ಮನ ಸಿಟ್ಟು ಇಳಿದಿತ್ತು.
'ಕೊಳ್ಳುವವನು ಮೂರು ವಾರದಿಂದ ಪತ್ತೆಯಿಲ್ಲ.
ಗುಡಿಸಲ ಹಿಂದೆ ಕಲ್ಲಿನ ಗುಡ್ಡೆ, ಅದರ ಮೇಲೆ ಕೋಳಿ ಮೊಟ್ಟೆಯಿಡುತ್ತಿದೆ.
ಕುಲುಮೆ ಎಲ್ಲಿ? ಇನ್ನೂ ಬೇಲಿ ಮಾತ್ರ.
ನಿನ್ನ ಕಾಗದ ನನ್ನ ಸುತ್ತಿಗೆ ತಿಂದಿತು, ಅಕ್ಕಾ.'
ಬೆಳಕಿಗೆ ಹಿಡಿದು ಹಾಳೆ ಹಾಳೆ ಹುಡುಕಿದೆ.
ಪರವಾನಗಿ ಇದೆ, ರಾಯಧನ ಇದೆ, ದಂಡ ಇದೆ.
ಸುತ್ತಿಗೆ ಇಲ್ಲ.
ಕೊನೆಯಲ್ಲಿ ಇರುವೆಯಂಥ ಅಕ್ಷರದಲ್ಲಿ:
'ಸಣ್ಣ ಗಣಿಗಾರರ ಕುರಿತು ನಂತರ ತಿಳಿಸಲಾಗುವುದು.'

ಲಾರಿ ಇಳಿದ ಮೇಲೆ
ಆ ನಾಲ್ಕು ಹಾಳೆಗಳನ್ನು ಕಾಟಾದ ಮೇಲಿಟ್ಟು ನೋಡಿದೆ.
ಸೊನ್ನೆ.
ಇಪ್ಪತ್ತು ಕೆಜಿಗಿಂತ ಕಡಿಮೆಯದು ಇದಕ್ಕೆ ಕಾಣುವುದಿಲ್ಲ.
ನಾನೇ ನಿಂತೆ: ಅರವತ್ತು.
ಹಾಳೆ ಹಿಡಿದು ನಿಂತೆ: ಅರವತ್ತು.
ಆದರೂ ಇದೇ ಹಾಳೆ
ನಲವತ್ತೊಂದು ಟನ್ನನ್ನು ಈಗಷ್ಟೇ ಹಿಂದಕ್ಕೆ ತಿರುಗಿಸಿತು.
'ನಂತರ' ಎಂಬುದು ಎಷ್ಟು ತೂಗುತ್ತದೆ,
ಗರಿಕಾಯಿಯ ಅಡುಗೆಮನೆಯಲ್ಲಿ?

ಪೆನ್ಸಿಲಿನಲ್ಲಿ ಅಂಚಿಗೆ ಬರೆದೆ, ಯಾರು ಓದುತ್ತಾರೋ:
ಕುಲುಮೆಯ ಬಾಗಿಲಲ್ಲಿ ಸುತ್ತಿಗೆಯವನಿಗೂ ಒಂದು ಕಾಟಾ ಇಡಿ,
ಅವನ ಕಣ್ಣಿಗೆ ಕಾಣುವಂಥದು.
ಕುಲುಮೆ ಏಳುವವರೆಗೆ ಸರ್ಕಾರವೇ ಕೊಳ್ಳಲಿ.
ಅದು ಕುಡಿಯುವ ನೀರನ್ನೂ ತೂಗಿ, ಬೆಲೆ ಕಟ್ಟಿ.
ಮೊದಲ ಬ್ಯಾಟರಿ ಹಳ್ಳಿಯ ಹೆರಿಗೆ ಕೋಣೆಗೆ.
ಎರಡನೆಯದು, ಸಾಧ್ಯವಾದರೆ,
ಈ ಮೇಜಿಗೆ.

ಚಕನೆತ್ಸ ಬೈಯಲಿಲ್ಲ. ಹೋಗುವ ಮುನ್ನ
ಮುಷ್ಟಿಗಾತ್ರದ ಕಲ್ಲೊಂದನ್ನು ಕಿಟಕಿಯಲ್ಲಿ ತಂದಿಟ್ಟ:
'ಗಾಳಿಗೆ ನಿಮ್ಮ ಕಾನೂನು ಹಾರುತ್ತಿದೆ.'
ಅದನ್ನೇ ಹಾಳೆಗಳ ಮೇಲಿಟ್ಟೆ.
ಪೆನ್ಸಿಲಿನ ಸಾಲು ಮುಚ್ಚಿತೆಂದು
ಒಂದು ಬೆರಳು ಸರಿಸಿದೆ.
ಮುಂದಿನ ಲಾರಿ ಹಾರನ್ ಹೊಡೆಯಿತು.